ಮೂಲೆ ಮುರಿದ ಹಲ್ಲು

ಆ ನಾಲ್ಕು ಹಲ್ಲು ಮೂರನೇ ಸಲ ವಾಪಸ್ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತೊಂದು ವರ್ಷದಿಂದ ಮಕ್ಕಳಿಗೆ ಹಲ್ಲು ಕಟ್ಟುತ್ತಿದ್ದೇನೆ. ಹಲ್ಲಿನ ಡಾಕ್ಟರುಗಳು ಪುಟ್ಟ ಬಾಯಿಯ ಅಚ್ಚು ಕಳಿಸುತ್ತಾರೆ. ನಾನು ಅಕ್ಕಿಕಾಳಿಗಿಂತ ತುಸು ದೊಡ್ಡ ಹಲ್ಲುಗಳನ್ನು ಗುಲಾಬಿ ಬಣ್ಣದ ವಸಡಿಗೆ ಕೂರಿಸಿ ಕಳಿಸುತ್ತೇನೆ. ಎಲ್ಲರೂ ನನ್ನನ್ನು ಹಲ್ಲಜ್ಜಿ ಅನ್ನುತ್ತಾರೆ. ಮೊಮ್ಮಕ್ಕಳ ಮಾತು ಹಾಗಿರಲಿ, ನನಗೆ ಮಕ್ಕಳೂ ಇಲ್ಲ. ಕೆಲಸ ಮುಗಿದ ಅಚ್ಚುಗಳನ್ನು ಎಸೆಯಬೇಕು, ನಾನು ಎಸೆಯುವುದಿಲ್ಲ. ಕಪಾಟಿನ ತುಂಬ ಬಾಯಿಗಳಿವೆ. ಮಧ್ಯಾಹ್ನ ಊಟಕ್ಕೆ ಕೂತರೆ ಅವುಗಳ ಜೊತೆಗೇ ಮಾತು. ಒಂದೂ ಎದುರಾಡುವುದಿಲ್ಲ, ಅದೊಂದು ಸುಖ.

"ಅಜ್ಜಿ, ಮಗು ಹಾಕ್ಕೊಳ್ಳೋದೇ ಇಲ್ಲ," ಎಂದರು ಡಾಕ್ಟರಮ್ಮ ಫೋನಿನಲ್ಲಿ. "ಇನ್ನೂ ನಾಲ್ಕೂವರೆ ವರ್ಷ. ಹುಳುಕು ಅಂತ ಮೇಲೆ ಮುಂದಿನ ನಾಲ್ಕು ಹಲ್ಲೂ ಕಿತ್ತಿದ್ದೀನಿ. ಏನನ್ನೂ ಕಚ್ಚಿ ತಿನ್ನಲ್ಲ. ಮಕ್ಕಳು ನಗ್ತಾರೆ ಅಂತ ಶಾಲೇಲಿ ಬಾಯೇ ಬಿಡಲ್ಲ. ಎಲ್ಲಾದ್ರೂ ಒತ್ತುತ್ತೇನೋ?"

"ಒತ್ತೋಕೆ ಅದೇನು ಚಪ್ಪಲಿನಾ? ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ! ಇರಿ, ನಾನೇ ಬರ್ತೀನಿ."

ಡಾಕ್ಟರಮ್ಮನ ದೊಡ್ಡ ಕುರ್ಚಿಯಲ್ಲಿ ಹುಡುಗಿ ಅಪ್ಪನ ತೊಡೆಯ ಮೇಲೆ ಕೂತಿದ್ದಳು. ಮೂರು ವಾರ ನನ್ನ ಕೈಯಲ್ಲಿದ್ದ ಬಾಯಿ ಅದು. ಮುಖ ನೋಡಿದ್ದು ಮಾತ್ರ ಅವತ್ತೇ.

"ಯಾಕೆ ಬೇಡ ಪುಟ್ಟಿ? ನೋಯುತ್ತಾ?"

ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ, "ಇದು ನಂದಲ್ಲ," ಎಂದು ಫ್ರಾಕಿನ ಜೇಬಿನಿಂದ ಒಂದು ಫೋಟೋ ತೆಗೆದಳು. ಕೆನ್ನೆಗೆ ಕೆನ್ನೆ ಹಚ್ಚಿದ ಅಮ್ಮ, ಮಗಳು. ಮಗಳು ನಗುತ್ತಿದ್ದಾಳೆ, ಮುಂದಿನ ಒಂದು ಹಲ್ಲಿನ ಮೂಲೆ ಮುರಿದಿದೆ.

"ಮೆಟ್ಟಿಲ ಮೇಲೆ ಬಿದ್ದಿದ್ದೆ. ಅಮ್ಮ ಹೋಗುವಾಗ ಹೀಗಿದ್ದೆ. ನೀವು ಮಾಡಿದ್ದು ಹಾಕ್ಕೊಂಡ್ರೆ ಅಮ್ಮಂಗೆ ನಾನು ಯಾರು ಅಂತಾನೇ ಗೊತ್ತಾಗಲ್ಲ."

ಅಪ್ಪ ನನ್ನನ್ನು ಹೊರಗೆ ಕರೆದ. "ಇವಳ ಅಮ್ಮ ಬಿಟ್ಟುಹೋಗಿ ಎಂಟು ತಿಂಗಳಾಯ್ತು ಅಜ್ಜಿ. ಬೇರೆ ಸಂಸಾರ ಮಾಡ್ಕೊಂಡಿದ್ದಾಳೆ. ಇನ್ನು ಬರಲ್ಲ ಅಂತ ಹೇಳಿಬಿಟ್ಟಿದ್ದಾಳೆ. ಇವಳಿಗೆ ಹೇಳೋಕೆ ನನಗೆ ಬಾಯೇ ಬರ್ತಿಲ್ಲ."

ನನ್ನ ನಾಲಿಗೆ ಎಷ್ಟುದ್ದವೆಂದು ಊರಿಗೇ ಗೊತ್ತು. ಅವತ್ತು ಮಾತ್ರ ಒಳಗೆ ಹೋಗಿ, ಪುಟ್ಟಿಯ ಹತ್ತಿರ ಫೋಟೋ ಕೇಳಿ ಇಸಕೊಂಡು ಬಂದೆ.

ಕೂದಲೆಳೆಯಷ್ಟು ಐಬಿದ್ದರೂ ಬಿಸಾಕಿ ಮತ್ತೆ ಮಾಡುವವಳು ನಾನು. ಅಂಥವಳು ಭೂತಗನ್ನಡಿ ಹಿಡಿದು, ಫೋಟೋ ಎದುರಿಗಿಟ್ಟುಕೊಂಡು, ಒಳ್ಳೆಯ ಹಲ್ಲಿನ ಮೂಲೆಯನ್ನು ಅರದಿಂದ ತಿಕ್ಕಿ ಮುರಿದೆ. ಮೊದಲನೆಯದರಲ್ಲಿ ಮೂಲೆ ಹೆಚ್ಚೇ ಸವೆದುಹೋಯಿತು. ಇನ್ನೊಂದು ಕೂರಿಸಿದೆ. ನಾಲಿಗೆಗೆ ಚುಚ್ಚಬಾರದಲ್ಲ, ಅಂಚನ್ನು ಬಹಳ ಹೊತ್ತು ನಯ ಮಾಡಿದೆ. ನನ್ನ ಗುರುತು ಹಿಡಿಯಲಿ ಎಂದು ನಾನು ಕಾಯಬೇಕಾದವರು ಈ ಲೋಕದಲ್ಲಿ ಒಬ್ಬರೂ ಇಲ್ಲ ಅನ್ನುವುದು ಆಗ ಹೊಳೆಯಿತು. ಯಾಕೆ ಸುಳ್ಳು ಹೇಳಲಿ, ಅತ್ತುಬಿಟ್ಟೆ. ಕಪಾಟಿನ ಬಾಯಿಗಳು ಸುಮ್ಮನೆ ನೋಡುತ್ತಿದ್ದವು.

ಎರಡು ದಿನ ಬಿಟ್ಟು ಹಲ್ಲು, ಫೋಟೋ ಎರಡನ್ನೂ ನಾನೇ ಒಯ್ದೆ; ಡಾಕ್ಟರಮ್ಮ ಹಲ್ಲು ಹಾಕಿ ಕನ್ನಡಿ ಕೊಟ್ಟರು. ಪುಟ್ಟಿ ಕನ್ನಡಿ ನೋಡಿದಳು, ಫೋಟೋ ನೋಡಿದಳು, ಮತ್ತೆ ಕನ್ನಡಿ ನೋಡಿದಳು. ಆಮೇಲೆ ಬಾಯ್ತುಂಬ ನಕ್ಕಳು. ಅಪ್ಪ ಕೊಟ್ಟ ಬಿಸ್ಕತ್ತನ್ನು ಕಟಕ್ಕೆಂದು ಕಚ್ಚಿದಳು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು.

ಪುಟ್ಟಿ ಬಂದು ನನ್ನ ಸೆರಗು ಹಿಡಿದಳು. "ಅಮ್ಮ ಬರೋ ತನಕ ಇದು ಹೀಗೇ ಇರುತ್ತಾ ಅಜ್ಜಿ?"

ಏಳೆಂಟರ ವಯಸ್ಸಿಗೆ ಅವಳದೇ ಹಲ್ಲು ಮೊಳೆಯುತ್ತವೆ. ಆಗ ಇದನ್ನು ತೆಗೆಯಲೇಬೇಕು. ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ ಅದನ್ನು.

"ಇರುತ್ತೆ ಪುಟ್ಟಿ," ಎಂದೆ.