ಉಳಿದ ಕಾಲು

ನನ್ನ ಅತ್ತಿಗೆ ಯಾವ ವಾಕ್ಯವನ್ನೂ ಮುಗಿಸಿದವರಲ್ಲ. “ಆ ಡಬ್ಬಿ ಮುಚ್ಚಳ ಸ್ವಲ್ಪ...” ಎನ್ನುವರು, ಯಾರಾದರೂ ಎದ್ದು ತೆಗೆದುಕೊಡಬೇಕು. “ಇವತ್ತು ಬಸ್ಸಲ್ಲಿ ಒಬ್ಬಳು ಏನು ಮಾಡಿದಳು ಅಂದ್ರೆ...” ಎಂದು ಕಣ್ಣರಳಿಸುವರು, ಅವಳು ಏನು ಮಾಡಿರಬಹುದೆಂದು ಊಹಿಸುವ ಹೊಣೆ ಮನೆಮಂದಿಯದು. ನಡಿಗೆಯೂ ಹಾಗೆಯೇ. ಅಡುಗೆಮನೆಯಿಂದ ಹಿತ್ತಿಲಿಗೆ ಹೊರಟವರು ನಡುವೆ ಗಕ್ಕನೆ ನಿಂತು, ಜಡೆಗೆ ಸಿಕ್ಕಿಸಿಕೊಂಡ ಕುಂಚವನ್ನು ಎಳೆದು, ಕ್ಯಾಲೆಂಡರಿನ ಮೂಲೆಯಲ್ಲಿ ಹಕ್ಕಿಯೊಂದನ್ನು ಬಿಡಿಸತೊಡಗಿ, ಅದಕ್ಕಿನ್ನೂ ಒಂದೇ ರೆಕ್ಕೆ ಮೂಡಿರುವಾಗಲೇ, ಹೊರಟದ್ದೆಲ್ಲಿಗೆಂಬುದನ್ನು ಮರೆತು ಹಿಂದಿರುಗುವರು.

ನನಗೆ ಹೆಣೆದುಕೊಟ್ಟ ಸ್ವೆಟರಿಗೆ ಒಂದೇ ತೋಳು. “ಹಾಕ್ಕೊಳೋ, ಚಳಿ ಅರ್ಧಕ್ಕರ್ಧ ಕಮ್ಮಿಯಾಗುತ್ತೆ” ಎಂದು ಅಣ್ಣ ನಕ್ಕಿದ್ದ. ಹೆಂಡತಿಗೆ ‘ಮುಕ್ಕಾಲು’ ಎಂದು ಹೆಸರಿಟ್ಟವನೂ ಅವನೇ. ಹೊಲಿಗೆ ತರಗತಿ, ಬೆರಳಚ್ಚು, ಶಿಶುವಿಹಾರದ ಕೆಲಸ, ಎಲ್ಲವನ್ನೂ ಅತ್ತಿಗೆ ಮುಕ್ಕಾಲಿಗೆ ತಂದು ಕೈಬಿಟ್ಟಿದ್ದರು. ಆ ಹೆಸರಿಗೆ ತಾವೂ ನಗುತ್ತಿದ್ದರು. ಆದರೆ ಒಮ್ಮೆ ಬಣ್ಣದ ಕೈ ತೊಳೆಯುತ್ತಾ, “ನಲವತ್ತೆರಡಾಯ್ತು ಕಣೋ, ಯಾತಕ್ಕಾದರೂ ಬರೋ ಹೆಂಗಸಾ ನಾನು, ಇಲ್ಲಾ...” ಎಂದರು. ಆ ವಾಕ್ಯವನ್ನು ಮುಗಿಸುವ ಧೈರ್ಯ ನನಗಾಗಲಿಲ್ಲ.

ಆಗಲೇ ಅವರಿಗೆ ಚಿತ್ರ ಬರೆಯಲು ಆಸ್ಪತ್ರೆಯೊಂದರ ಗೋಡೆ ಸಿಕ್ಕಿತು. ಪಾರ್ಶ್ವವಾಯು ಬಡಿದವರಿಗೆ ವ್ಯಾಯಾಮ ಮಾಡಿಸುವ ಉದ್ದನೆಯ ಕೋಣೆ. ಒಂದು ಬದಿಗೆ ಹಿಡಿದು ನಡೆಯುವ ಕಂಬಿಗಳು, ಇನ್ನೊಂದು ಬದಿಗೆ ಬೋಳು ಗೋಡೆ. ಹತ್ತು ದಿನದ ಗಡುವು ಕೊಟ್ಟ ಸೂಪರಿಂಟೆಂಡೆಂಟರು ಬಲು ಅಚ್ಚುಕಟ್ಟಿನವರು, ಪೆನ್ನಿನ ಮುಚ್ಚಳ ತೆಗೆದ ಉಸಿರಿನಲ್ಲೇ ಮುಚ್ಚುವ ಜಾಯಮಾನ. ಬಣ್ಣದ ಡಬ್ಬಿ ಹೊರುವ ಕೆಲಸ ನನ್ನ ಪಾಲಿಗೆ ಬಂತು.

ಕಿಟಕಿಯ ಪಕ್ಕ ದಿನವೂ ಒಬ್ಬ ಟೈಲರು ಕೂತಿರುತ್ತಿದ್ದರು. ಬಲಗೈ ಬೇರೆ ಯಾರದೋ ವಸ್ತುವಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ನಾಲ್ಕು ತಿಂಗಳಿಂದ ಮಾತಿಲ್ಲ. ಹಿಚುಕಲೆಂದು ಕೊಟ್ಟ ರಬ್ಬರ್ ಚೆಂಡನ್ನು ಕೆಳಕ್ಕೆ ಉರುಳಿಸಿಬಿಡುವರು. “ಬಾಯಿ ಮುಚ್ರೀ ಅಂದ್ರೂ ಮುಚ್ಚೋರಲ್ಲಮ್ಮ, ಈಗ ನೋಡಿ” ಎಂದು ಅವರ ಹೆಂಡತಿ ನಗಲು ಹೋಗಿ ಮುಖ ತಿರುಗಿಸಿಕೊಳ್ಳುವರು.

ಆರನೆಯ ದಿನ ಅತ್ತಿಗೆ ಕುದುರೆ ಬರೆದರು. ಕೇಸರ ಗಾಳಿಗೆ ಹಾರುತ್ತಿತ್ತು, ಮೂಗಿನ ಹೊಳ್ಳೆಯಲ್ಲಿ ಉಸಿರಿತ್ತು. ಅಷ್ಟರಲ್ಲಿ ಎಂದಿನಂತೆ ಅವರ ಮನಸ್ಸು ಪಕ್ಕದ ಮೋಡಕ್ಕೆ ಹಾರಿತು. ಹಿಂದಿನಿಂದ ಟೈಲರ ಗಂಟಲಲ್ಲಿ ಏನೋ ಸದ್ದಾಯಿತು. ತಿರುಗಿದರೆ, ಅವರ ಕಣ್ಣು ಕುದುರೆಯ ಹೊಟ್ಟೆಯ ಕೆಳಗೆ ನೆಟ್ಟಿದೆ.

“ಅಯ್ಯೋ, ಹೌದಲ್ವಾ! ಇದಕ್ಕೆ ಇನ್ನೊಂದು...” ಎಂದು ಅತ್ತಿಗೆ ತಮ್ಮ ಚಾಳಿಯಂತೆ ಅಲ್ಲಿಗೇ ನಿಂತರು.

“ಕಾ... ಲು” ಎಂದರು ಟೈಲರು.

ಹೆಂಡತಿಯ ಕೈಯಿಂದ ಫ್ಲಾಸ್ಕು ಜಾರಿತು. “ಇನ್ನೊಂದ್ಸಲ ಅನ್ರೀ!” ಅವರು ಇನ್ನೊಮ್ಮೆ ಅಂದರು. ಅತ್ತಿಗೆ ಕುಂಚವನ್ನು ಆ ನಿಶ್ಚಲವಾದ ಬಲಗೈಗೇ ಕೊಟ್ಟು, ಮೊಣಕೈಗೆ ತಮ್ಮ ಅಂಗೈಯ ಆಸರೆ ಇಟ್ಟರು. ಅರ್ಧ ಗಂಟೆ ಹಿಡಿಯಿತು. ಮೂಡಿದ್ದು ಕುದುರೆಯ ಕಾಲಲ್ಲ. ಇಸ್ತ್ರಿಯ ಗೆರೆ ಸಹಿತ ಪ್ಯಾಂಟಿನ ಕಾಲು! “ಕುದುರೆಗೂ ಪ್ಯಾಂಟ್ ಹೊಲಿದ್ರಲ್ರೀ” ಎಂದು ಹೆಂಡತಿ ನಕ್ಕರು, ಈ ಸಲ ಮುಖ ತಿರುಗಿಸದೆ.

ಮನೆಗೆ ಬರುವಾಗ ಅತ್ತಿಗೆಯ ಕಾಲು ನೆಲದ ಮೇಲಿರಲಿಲ್ಲ. ಬೀದಿಯ ನಡುವೆ ನಿಂತು, ಖಾಲಿ ಡಬ್ಬಿಯನ್ನು ಬಡಿಯುತ್ತಾ ಕೂಗಿದರು: “ಮುಕ್ಕಾಲು ನಂದು ಕಣೋ, ಉಳಿದ ಕಾಲು ಅವರದ್ದು! ಇಷ್ಟು ದಿನ ನಾನು ಅರ್ಧಕ್ಕೆ ಬಿಟ್ಟಿದ್ದು ತಪ್ಪಲ್ಲ, ಬಿಟ್ಟು ಎದ್ದು ಹೋಗಿದ್ದು ತಪ್ಪು!” ನಾನು ಕೇಳಿದಂತೆ ಅವರು ಪೂರ್ತಿ ಮುಗಿಸಿದ ಮೊದಲ ಮಾತು ಅದು.

ಆಮೇಲಿನ ದಿನಗಳಲ್ಲಿ ಅವರು ಬೇಕೆಂದೇ ಕಣ್ಣಿಲ್ಲದ ಮೀನು ಬರೆದರು, ಒಂಟಿ ಚಕ್ರದ ಗಾಡಿ ಬರೆದರು, ಬಾಗಿಲಿಲ್ಲದ ಮನೆ ಬರೆದರು. ಬರೆದು ಎದ್ದುಹೋಗದೆ ಪಕ್ಕದಲ್ಲೇ ಕೂತರು. “ಬಾಗಿಲು ನಾನಿಡ್ತೀನಿ, ಚಿಲಕ ಮಾತ್ರ ಒಳಗಡೆ” ಎಂದು ಅಜ್ಜಿಯೊಬ್ಬರು ನಡುಗುವ ಕೈಯಲ್ಲಿ ಕುಂಚ ಕಸಿದುಕೊಂಡರು.

ಗಡುವಿನ ದಿನ ಸೂಪರಿಂಟೆಂಡೆಂಟರು ಬಂದು, ಸಹಿ ಹಾಕಲು ಪೆನ್ನು ತೆರೆದು, ಗೋಡೆ ನೋಡಿದರು.

“ಏನಮ್ಮಾ ಇದು, ಮುಗಿದೇ ಇಲ್ಲ?”

“ನನ್ನ ಪಾಲಿಂದು ಮುಗೀತು ಸಾರ್.”

“ಕುದುರೆಗೆ ಪ್ಯಾಂಟಾ? ನಾಳೆ ಬೇರೆ ಪೇಂಟರ್ ಬಂದು ಇದನ್ನೆಲ್ಲ ಅಳಿಸ್ತಾನೆ.”

ಅತ್ತಿಗೆ ಕುಂಚಗಳನ್ನು ಒಂದೊಂದಾಗಿ ಎತ್ತಿಡತೊಡಗಿದರು. ಅಷ್ಟರಲ್ಲಿ ಕಂಬಿ ಹಿಡಿದು ಎದ್ದ ಟೈಲರು ಕಾಲೆಳೆಯುತ್ತಾ ಗೋಡೆಯ ಬಳಿಗೆ ಬಂದರು. ಬಲಗೈಯನ್ನು, ಚೆಂಡು ಹಿಡಿಯಲೊಲ್ಲದ ಅದೇ ಬಲಗೈಯನ್ನು, ಎತ್ತಿ ಆ ಪ್ಯಾಂಟಿನ ಕಾಲಿನ ಮೇಲಿಟ್ಟು, “ನಂದು” ಎಂದರು.

ಸೂಪರಿಂಟೆಂಡೆಂಟರು ಮುಚ್ಚಳ ಹಾಕುವುದನ್ನು ಮರೆತು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಜೇಬಿನ ಮೇಲೆ ಶಾಯಿ ಹರಡುತ್ತಿರುವಾಗಲೇ, “ವಾರಕ್ಕೆ ಮೂರು ದಿನ ಬರ್ತೀರಾಮ್ಮಾ?” ಎಂದು ಕೇಳಿದರು.

ಚಿತ್ರದಿಂದ ಚಿಕಿತ್ಸೆ ಕೊಡುವುದನ್ನು ಓದಿ ಕಲಿಯಬಹುದೆಂದು ತಿಳಿದದ್ದು ಆಮೇಲೆ. ಎರಡು ವರ್ಷದ ಕೋರ್ಸು. “ಹಾಗಾದ್ರೆ ಒಂದೂವರೆ ವರ್ಷಕ್ಕೆ ಬಂದ್ಬಿಡ್ತೀಯ ಬಿಡು” ಎಂದ ಅಣ್ಣ. ಅತ್ತಿಗೆ ಅದನ್ನು ಪೂರ್ತಿ ಮುಗಿಸಿದರು. ಪ್ರಮಾಣಪತ್ರ ತೂಗುಹಾಕುವ ಮೊಳೆಯನ್ನು ಮಾತ್ರ ಮುಕ್ಕಾಲು ಹೊಡೆದು ಬಿಟ್ಟಿದ್ದರು; ಉಳಿದದ್ದನ್ನು ಅಣ್ಣನೇ ಹೊಡೆದ, ಹೆಮ್ಮೆಯಿಂದ, ಬೆರಳು ಜಜ್ಜಿಕೊಂಡು.

ಎಲ್ಲವನ್ನೂ ತಾವೇ ಮಾಡಿ ಮುಗಿಸುವವರ ಮುಂದೆ ನಾವು ಬೆರಗಾಗಿ ಕೈಕಟ್ಟಿ ನಿಲ್ಲುತ್ತೇವೆ. ಅತ್ತಿಗೆಯಂಥವರು ಬಿಟ್ಟುಕೊಟ್ಟ ಜಾಗದಲ್ಲಿ ಮಾತ್ರ ನಮ್ಮ ಕೈ ನಮಗೆ ಮತ್ತೆ ಸಿಗುತ್ತದೆ. ಮೊನ್ನೆ ಆ ಒಂಟಿ ತೋಳಿನ ಸ್ವೆಟರನ್ನು ಬೀರುವಿನಿಂದ ತೆಗೆದು, ಅದೇ ಬಣ್ಣದ ಉಣ್ಣೆ ತಂದು ಅವರ ಮುಂದಿಟ್ಟೆ.

“ಅಂದ್ರೆ, ಇನ್ನೊಂದು ತೋಳನ್ನ ನೀನೇ...” ಎಂದರು.

“ಹೆಣೀತೀನಿ” ಎಂದೆ.