ಕೆಂಡ ಉಳಿಯದ ಬಟ್ಟೆ

ನಂಜನಗೂಡಿನ ಅಗ್ರಹಾರದಲ್ಲಿ ಅಲಮೇಲು ಟೀಚರ್ ಮನೆ ಯಾವುದು ಎಂದು ಕೇಳಿದರೆ ಜನ ಯೋಚಿಸುತ್ತಿದ್ದರು. ‘ವಿಶ್ವಸಂಸ್ಥೆ’ಯ ಮನೆ ಎಂದರೆ ಮಾತ್ರ ಯಾರು ಬೇಕಾದರೂ ತೋರಿಸುತ್ತಿದ್ದರು. ಆ ಹೆಸರಿಟ್ಟವನು ಕೈಹಿಡಿದ ಗಂಡ ಬದರೀನಾರಾಯಣನೇ. ಪೋಸ್ಟ್‌ಮ್ಯಾನ್ ತಿಮ್ಮಯ್ಯ ವಿದೇಶದ ಸ್ಟಾಂಪು ಹಚ್ಚಿದ ಲಕೋಟೆ ತಂದಾಗಲೆಲ್ಲ ಆತ ಜಗಲಿಯಿಂದ, “ವಿಶ್ವಸಂಸ್ಥೆಗೆ ಟಪಾಲು ಬಂತು, ಇವತ್ತು ಹುಳಿಗೆ ಉಪ್ಪು ಬೀಳೋದು ಅನುಮಾನ” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಕೂಗಿಕೊಳ್ಳಲಿ ಬಿಡಿ, ಅಲಮೇಲು ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಯುದ್ಧ ಬೇಡ ಎನ್ನುವ ಹೆಂಗಸರು ಮೂವತ್ತೊಂದು ದೇಶಗಳಲ್ಲಿ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದರು. ಅದರ ಕಚೇರಿ ಜಿನೀವಾದಲ್ಲಿತ್ತು. ಮೈಸೂರು ಜಿಲ್ಲೆಯಲ್ಲಿ ಆ ಬಳಗ ಎಂದರೆ ಅಲಮೇಲು ಮತ್ತು ಹನ್ನೊಂದು ಜನ ನೇಕಾರ ಹೆಂಗಸರು. ಟಿ. ನರಸೀಪುರದಿಂದ ಬನ್ನೂರಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಅವರ ಸೊಸೈಟಿ ಇತ್ತು. ರೇಷ್ಮೆ ಗೂಡಿನಿಂದ ಒಳ್ಳೆಯ ನೂಲು ಬಿಚ್ಚಿದ ಮೇಲೆ ಉಳಿಯುವ ಕಸವನ್ನು ತಂದು, ಹಿಂಜಿ, ನೂತು, ದಪ್ಪ ಬಟ್ಟೆ ನೇಯುವುದು ಅವರ ಕೆಲಸ. ನರಸೀಪುರದ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದ್ದ ಅಲಮೇಲುಗೆ ಅವರ ಪರಿಚಯ ಹಳೆಯದು. ರಿಟೈರಾದ ಮೇಲೂ ಪ್ರತಿ ಸೋಮವಾರ ಬಸ್ಸು ಹತ್ತಿ ಹೋಗಿ, ದೇಶದೇಶದಿಂದ ಬಂದ ಕಾಗದಗಳನ್ನು ಮಗ್ಗದ ಶೆಡ್ಡಿನಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳುತ್ತಿದ್ದಳು.

ಆ ಬಳಗದಲ್ಲಿ ಒಂದು ಪದ್ಧತಿ ಇತ್ತು. ಒಂದೊಂದು ಊರಿನ ಹೆಂಗಸರೂ ತಾವು ನೇಯ್ದದ್ದೋ ಹೊಲಿದದ್ದೋ ಒಂದು ಬಟ್ಟೆಯನ್ನು ಜಿನೀವಾಕ್ಕೆ ಕಳಿಸಬೇಕು. ಅಲ್ಲಿ ಅದನ್ನು ಗೇಣುದ್ದದ ತುಂಡು ಮಾಡಿ ಉಳಿದ ಎಲ್ಲ ಊರುಗಳಿಗೂ ಹಂಚುತ್ತಿದ್ದರು. ಹಾಗೆ ಲೋಕದ ಬಟ್ಟೆಯೆಲ್ಲ ಶೆಡ್ಡಿಗೆ ಬಂದು ಬೀಳುತ್ತಿತ್ತು. ನಮ್ಮ ಹೆಂಗಸರಿಗೆ ಶಾಂತಿ, ನಿಶ್ಶಸ್ತ್ರೀಕರಣ ಎಂಬ ಮಾತುಗಳಿಗಿಂತ ಆ ತುಂಡುಗಳ ಮೇಲೇ ಪ್ರೀತಿ. ಬೆಳಕಿಗೆ ಹಿಡಿದು, ಹಿಗ್ಗಿಸಿ, ಮೂಸಿ ತೀರ್ಪು ಕೊಡುತ್ತಿದ್ದರು.

“ಜಪಾನ್ನೋಳು ಕೈಗಾರ್ತಿ ಕಣ್ರವ್ವ,” ಎನ್ನುತ್ತಿದ್ದಳು ಚನ್ನಾಜಮ್ಮ. “ಇಂಗ್ಲೆಂಡ್ನೋರು ನೋಡಿ, ಮಿಲ್ ಬಟ್ಟೆ ಕಳ್ಸವ್ರೆ. ಸೋಮಾರಿ ಮುಂಡೇವು.”

ಚನ್ನಾಜಮ್ಮ ಸೊಸೈಟಿಯ ಹಿರಿಯಳು, ಐವತ್ತೈದರ ವಿಧವೆ, ನೇಯ್ಗೆಯಲ್ಲಿ ಅವಳ ಮುಂದೆ ನಿಲ್ಲುವವರಿರಲಿಲ್ಲ. ಬಟ್ಟೆಯ ಹೊಸ ತಾನು ಶುರು ಮಾಡುವಾಗ ಮೊದಲ ನಾಲ್ಕಾರು ಎಳೆಯನ್ನು ಕುಂಕುಮ, ಅರಿಶಿನದ ನೀರಿನಲ್ಲಿ ಅದ್ದಿ ಮನೆದೇವರ ಹೆಸರಿನಲ್ಲಿ ನೇಯುವುದು ಅಲ್ಲಿನ ರೂಢಿ. ಅದಕ್ಕೆ ಮೀಸಲು ಅಂಚು ಎನ್ನುತ್ತಿದ್ದರು. ಒಂದೊಂದು ಮನೆಯದೂ ಬೇರೆ ಲೆಕ್ಕ, ಅತ್ತೆಯಿಂದ ಸೊಸೆಗೆ ಬಂದದ್ದು. ಚನ್ನಾಜಮ್ಮನದು ಎರಡು ಕೆಂಪು, ಒಂದು ಹಳದಿ, ಮತ್ತೆ ಎರಡು ಕೆಂಪು. ಜಿನೀವಾಕ್ಕೆ ಹೋದ ಬಟ್ಟೆಯೂ ಅವಳದೇ. ಆ ಕಡೆ ಈ ಕಡೆ ಎರಡೂ ಅಂಚಿನಲ್ಲಿ, ಎಲ್ಲ ತುಂಡಿಗೂ ಬರಲಿ ಎಂದು ನಡುನಡುವೆಯೂ ಮೀಸಲು ಎಳೆ ಹಾಕಿ ಕೊಟ್ಟಿದ್ದಳು.

ಸೊಸೈಟಿಯ ಹೊಟ್ಟೆ ತುಂಬುತ್ತಿದ್ದದ್ದು ಮಾತ್ರ ಮದರಾಸಿನ ಒಂದು ಕಂಪನಿಯಿಂದ. ನಾಲ್ಕು ವರ್ಷದ ಹಿಂದೆ ಮಗ್ಗಗಳು ನಿಂತೇಹೋಗುವ ಹೊತ್ತಿನಲ್ಲಿ ಅಲಮೇಲುವೇ ಸೊಗಸಾದ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಆ ಆರ್ಡರು ತಂದುಕೊಟ್ಟಿದ್ದಳು. ‘ಚೀಲದ ಬಟ್ಟೆ’ ಎಂದಷ್ಟೇ ಕಂಪನಿ ಹೇಳಿತ್ತು. ಯಾವ ಚೀಲ ಎಂದು ಯಾರೂ ಕೇಳಲಿಲ್ಲ. ಕೇಸರಿ ತುಂಬಿಡುವ ಚೀಲವಿರಬೇಕು ಎಂದು ಒಬ್ಬಳು, ಅರಬ್ಬರ ಹೆಂಡಿರು ಒಡವೆ ಹಾಕಿಡುವ ಚೀಲ ಎಂದು ಇನ್ನೊಬ್ಬಳು, ಅದಕ್ಕೂ ಮೀಸಲು ಅಂಚು ಹಾಕಿ ನಗುನಗುತ್ತ ನೇಯ್ದರು.

ಕಂಪನಿಯ ಇನ್‌ಸ್ಪೆಕ್ಟರು ಬಂದಾಗ ತಾನಿನ ಒಂದು ಮೂಲೆ ಕತ್ತರಿಸಿ ಬೆಂಕಿ ಹಚ್ಚುತ್ತಿದ್ದ. ಉರಿದು ಪುಡಿಬೂದಿಯಾಗಬೇಕು, ಕೆಂಡ ಉಳಿಯಬಾರದು. ರೇಷ್ಮೆಯವರಿಗೆ ಇದೇನು ಹೊಸದಲ್ಲ. ಅಪ್ಪಟ ರೇಷ್ಮೆಯನ್ನು ಸುಟ್ಟರೆ ಕೆಂಡ ನಿಲ್ಲುವುದಿಲ್ಲ, ಹತ್ತಿ ಸೇರಿದ್ದರೆ ಕೆಂಪಗೆ ನಿಗಿನಿಗಿ ಎನ್ನುತ್ತದೆ. ಹಾಗಾಗಿ ತಾವು ಹತ್ತಿ ಬೆರೆಸುತ್ತೇವೇನೋ ಎಂದು ಇವನಿಗೆ ಗುಮಾನಿ ಎಂದುಕೊಂಡು ಹೆಂಗಸರು ಒಳಗೇ ಕುದಿಯುತ್ತಿದ್ದರು. “ಸುಡಪ್ಪ, ಎಷ್ಟು ಬೇಕಾದ್ರೂ ಸುಡು,” ಎಂದು ಚನ್ನಾಜಮ್ಮ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಒಂದು ತಾನೂ ವಾಪಸು ಬಂದಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಮಾರ್ಚ್ ಮೂರು, ಶನಿವಾರ. ತಿಮ್ಮಯ್ಯ ತಂದ ಲಕೋಟೆ ದಪ್ಪಗಿತ್ತು. ಬರೆದವಳು ಮರ್ಯಮ್ ಎಂಬ ನರ್ಸು. ಅವಳ ದೇಶಕ್ಕೂ ಪಕ್ಕದ ದೇಶಕ್ಕೂ ವರ್ಷಗಳಿಂದ ಯುದ್ಧ ನಡೆಯುತ್ತಿತ್ತು. ಬಳಗದ ಸಭೆಗೆ ಕದ್ದುಮುಚ್ಚಿ ಹೋಗಿಬರುವವಳು. ಒಳಗಿಂದ ಎರಡು ಬಟ್ಟೆ ತುಂಡು ಜಾರಿ ಬಿದ್ದವು. ಒಂದು, ಜಿನೀವಾಕ್ಕೆ ಹೋಗಿದ್ದ ಚನ್ನಾಜಮ್ಮನ ಬಟ್ಟೆಯದು. ಇನ್ನೊಂದು ಮಾಸಲು, ಹೊಲಿಗೆ ಬಿಚ್ಚಿದ್ದು, ಗಂಧಕದ ನಾತ ಹೊಡೆಯುತ್ತಿತ್ತು. ಅದರ ಅಂಚಿನಲ್ಲೂ ಎರಡು ಕೆಂಪು, ಒಂದು ಹಳದಿ, ಎರಡು ಕೆಂಪು.

ಕಾಗದ ಚಿಕ್ಕದು. ನಮ್ಮ ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟುವ ಬಟ್ಟೆ ಮುಗಿದಿತ್ತು. ಸೈನಿಕರು ಬಿಟ್ಟುಹೋದ ಫಿರಂಗಿಯ ಪಕ್ಕ ರಾಶಿ ಬಿದ್ದಿದ್ದ ಚೀಲಗಳನ್ನು ತಂದು, ಒಳಗಿನ ಸಿಡಿಮದ್ದು ಚೆಲ್ಲಿ, ಹೊಲಿಗೆ ಬಿಚ್ಚಿದಾಗ ಈ ಬಣ್ಣದ ಎಳೆ ಕಂಡಿತು. ಗೋಡೆಯ ಮೇಲೆ ತೂಗುಹಾಕಿದ್ದ ನಿಮ್ಮ ತುಂಡಿನ ಪಕ್ಕ ಹಿಡಿದು ನೋಡಿದೆ. ಗುಂಡು ಹಾರಿಸುವ ಮದ್ದನ್ನು ಇಂಥ ಚೀಲದಲ್ಲೇ ತುಂಬಿ ಫಿರಂಗಿಗೆ ತುರುಕುತ್ತಾರಂತೆ. ಬಟ್ಟೆ ಪೂರ್ತಿ ಉರಿದುಹೋಗಬೇಕು. ಕೊಳವೆಯಲ್ಲಿ ಕೆಂಡ ಉಳಿದರೆ ಮುಂದಿನ ಚೀಲ ತುರುಕುವಾಗಲೇ ಸಿಡಿಯುತ್ತದೆ. ಬೇರೆ ಯಾವುದೋ ಕಳಪೆ ಚೀಲದಿಂದ ಹಾಗೆ ಎರಡೂ ಕೈ ಕಳೆದುಕೊಂಡ ಇಪ್ಪತ್ತರ ಹುಡುಗನೊಬ್ಬ ನನ್ನ ವಾರ್ಡಿನಲ್ಲಿದ್ದಾನೆ. ಕೆಂಡವನ್ನೇ ಉಳಿಸದ ನಿಮ್ಮ ಬಟ್ಟೆಯನ್ನು ಅವನು ಬಹಳ ಹೊಗಳುತ್ತಾನೆ. ನಾನು ದೂರುತ್ತಿಲ್ಲ. ಒಂದೇ ಮಾತು ಕೇಳುತ್ತೇನೆ, ನಿಮಗೆ ಗೊತ್ತಿತ್ತೆ?

ಅಲಮೇಲು ಕುಕ್ಕರಿಸಿದಳು. ಒಲೆಯ ಮೇಲಿನ ಹುಳಿ ಸೀದು ಮನೆಯೆಲ್ಲ ಹೊಗೆಯಾದಾಗ ಬದರೀನಾರಾಯಣ ಗೇಲಿ ಮಾಡಲೆಂದೇ ಒಳಗೆ ಬಂದವನು ಹೆಂಡತಿಯ ಮುಖ ನೋಡಿ ಲಕೋಟೆಗೆ ಕೈಚಾಚಿದ. ಕಾಗದ ಓದಿದ. ಎರಡು ಸಲ ಓದಿದ.

“ಸುಟ್ಟುಹಾಕಿಬಿಡು ಅಲಮೇಲು,” ಎಂದ. “ಆ ಹೆಂಗಸರಿಗೆ ಇಂಗ್ಲಿಷ್ ಬರಲ್ಲ. ಹೇಳಿದರೆ ಅವರ ಅನ್ನ ಹೋಗುತ್ತೆ, ಹೇಳದೆ ಇದ್ದರೆ ಯಾರಿಗೂ ಏನೂ ಆಗಲ್ಲ.”

ಏನೂ ಆಗಲ್ಲ! ಅವನ ಮೇಲೆ ಅವಳಿಗೆ ಎಲ್ಲಿಲ್ಲದ ಕೋಪ ಬಂತು. ಆದರೆ ಭಾನುವಾರವಿಡೀ ಅವಳೂ ಅದನ್ನೇ ಯೋಚಿಸಿದಳು, ಅದು ಇನ್ನೂ ನಾಚಿಕೆಗೇಡು. ಓದುವವಳು ತಾನೇ, ಜಪಾನಿನವರು ಕ್ಷೇಮ ಕೇಳಿದ್ದಾರೆ ಎಂದು ಬಾಯಿಗೆ ಬಂದದ್ದು ಹೇಳಿದರೆ ಯಾರು ಕಂಡರು? ಹನ್ನೊಂದು ಒಲೆ ಉರಿಯುತ್ತಿರುತ್ತವೆ. ತನ್ನ ಸೊಗಸಾದ ಅರ್ಜಿಯ ಮಾತೂ ಮುಚ್ಚಿಹೋಗುತ್ತದೆ.

ಸೋಮವಾರ ಬಸ್ಸಿಳಿದು ಶೆಡ್ಡಿಗೆ ಬಂದಾಗಲೂ ಅವಳು ತೀರ್ಮಾನಿಸಿರಲಿಲ್ಲ. ಹೆಂಗಸರು ಎಂದಿನಂತೆ ಮಗ್ಗ ನಿಲ್ಲಿಸಿ ಸುತ್ತ ಕೂತರು.

“ಯಾವ್ ದೇಸದ್ದು ಬಂದದೆ, ತೋರ್ಸಿ,” ಎಂದು ಚನ್ನಾಜಮ್ಮ ಕೈಚಾಚಿದಳು. ಕಾಗದಕ್ಕಲ್ಲ, ಬಟ್ಟೆಗೆ.

ಅಲಮೇಲು ಕೊಟ್ಟುಬಿಟ್ಟಳು. ಚನ್ನಾಜಮ್ಮ ಮಾಸಲು ತುಂಡನ್ನು ಬೆಳಕಿಗೆ ಹಿಡಿದಳು, ಹಿಗ್ಗಿಸಿದಳು, ಮೂಸಿದಳು. “ಇದು ನನ್ ಬಟ್ಟೆ,” ಎಂದಳು. “ಮದರಾಸಿಗೆ ಓಗಿದ್ದು. ಪಟಾಕಿ ವಾಸ್ನೆ ಯಾಕೆ ಒಡೀತದೆ?”

ಇನ್ನು ಮುಚ್ಚಿಡುವುದು ಏನು ಉಳಿದಿತ್ತು? ಅಲಮೇಲು ಒಂದು ಪದವನ್ನೂ ಬಿಡದೆ ಓದಿದಳು. ಕೈ ಕಳೆದುಕೊಂಡ ಹುಡುಗ ಬಟ್ಟೆಯನ್ನು ಹೊಗಳಿದ ಸಾಲನ್ನೂ ಓದಿದಳು. ಕೊನೆಗೆ, “ಆ ಆರ್ಡರ್ ತಂದೋಳು ನಾನು. ಯಾವ ಚೀಲ ಅಂತ ನಾನೂ ಕೇಳಲಿಲ್ಲ,” ಎಂದಳು.

ಚನ್ನಾಜಮ್ಮ ಸೀಮೆಎಣ್ಣೆ ಸ್ಟೌವಿನ ಪಕ್ಕದ ಬೆಂಕಿಪೊಟ್ಟಣ ತೆಗೆದು, ತನ್ನ ಮಗ್ಗದ ಬುಡದಲ್ಲಿ ಬಿದ್ದಿದ್ದ ಚೂರಿಗೆ ಕಡ್ಡಿ ಗೀರಿದಳು. ಅದು ಉರಿಯಿತು, ಬೂದಿಯಾಯಿತು. ಬೆರಳಲ್ಲಿ ಒತ್ತಿದಳು. ಕೆಂಡ ಇರಲಿಲ್ಲ. ನಾಲ್ಕು ವರ್ಷ ಯಾವುದಕ್ಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳೋ ಅದನ್ನೇ ಈಗ ಹಾವು ಕಂಡವಳಂತೆ ನೋಡುತ್ತಿದ್ದಳು.

“ಮನೆದೇವ್ರ ಎಸ್ರಲ್ಲಿ ಎಳೆ ಆಕಿದ್ದೆ ಕಣ್ರವ್ವ ಅದ್ಕೆ,” ಎಂದಳು.

ಆಗ ಸಿದ್ದಲಿಂಗಮ್ಮ ಎದ್ದಳು. ಮೂವರು ಹೆಣ್ಣುಮಕ್ಕಳ ತಾಯಿ, ಗಂಡ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. “ಅಂಗಾದ್ರೆ ಹತ್ತಿ ಬೆರ್ಸಾನ,” ಎಂದಳು. “ಅವ್ನು ಸುಡೋದು ಮೂಲೆ ತಾನೆ? ಮೂಲೆ ಅಪ್ಪಟ ಇರ್ಲಿ, ಒಳ್ಗೆ ಹತ್ತಿ. ಕೆಲ್ಸಾನೂ ಉಳೀತದೆ, ಅವ್ರ ಫಿರಂಗಿನೂ ಕೆಡ್ತದೆ.”

ಎರಡು ಮೂರು ತಲೆಗಳು ಹೌದೆಂದು ಅಲ್ಲಾಡಿದವು. ಒಂದು ಗಳಿಗೆ ಅಲಮೇಲುಗೂ ಅದೇ ಸರಿ ಎನಿಸಿತು. ಆಮೇಲೆ ಕೈಯಲ್ಲಿದ್ದ ಕಾಗದವನ್ನು ಮತ್ತೆ ನೋಡಿದಳು.

“ಕೆಂಡ ಉಳಿದರೆ ಏನಾಗುತ್ತೆ ಅಂತ ಈಗ ತಾನೇ ಓದಿದೆನಲ್ಲೇ,” ಎಂದಳು. “ಆ ಹುಡುಗನ ಕೈ ಹೋಗಿದ್ದೇ ಹಾಗೆ.”

ಸಿದ್ದಲಿಂಗಮ್ಮ ಮತ್ತೆ ಕೂತುಬಿಟ್ಟಳು. ಒಳ್ಳೆಯದಾಗಿ ನೇಯ್ದರೆ ಆಚೆ ಕಡೆಯವನು ಸಾಯುತ್ತಾನೆ, ಕೆಟ್ಟದಾಗಿ ನೇಯ್ದರೆ ಈಚೆ ಕಡೆಯವನು. ಅಷ್ಟು ದೂರದ ಇಬ್ಬರು ಹುಡುಗರ ಜೀವ ತಮ್ಮ ಲಾಳಿಯ ತುದಿಯಲ್ಲಿದೆ ಎಂಬುದು ಹನ್ನೊಂದು ಜನಕ್ಕೂ ಒಂದೇ ಸಲ ತಿಳಿಯಿತು.

ಚನ್ನಾಜಮ್ಮ ಕತ್ತರಿ ತಂದಳು. ಅವಳ ಮಗ್ಗದ ಮೇಲಿದ್ದದ್ದು ಇನ್ನು ಮೊಳದಷ್ಟು ನೇಯ್ದರೆ ಮುಗಿಯುತ್ತಿದ್ದ ತಾನು. ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳನ್ನು ಅಡ್ಡಕ್ಕೆ ಕತ್ತರಿಸಿದಳು. ಮಗ್ಗ ಸಡಿಲವಾಗಿ ಜೋತುಬಿತ್ತು. ಆಮೇಲೆ ಬಂದು ಅಲಮೇಲುವಿನ ಪಕ್ಕ ಚಾಪೆಯ ಮೇಲೆ ಕೂತಳು.

“ಬರೀರಿ. ಆ ನರ್ಸಮ್ಮಂಗೆ.”

ಅಲಮೇಲು ಪೆನ್ನು ತೆಗೆದು, ನಮಗೆ ಗೊತ್ತಿರಲಿಲ್ಲ ಎಂದು ಬರೆದು, ಬರೆದದ್ದನ್ನು ಹೇಳಿದಳು.

“ಅಷ್ಟೇ ಬರ್ದ್ರೆ ಆಗಾಕಿಲ್ಲ. ಇವತ್ತಿನ್ ಗಂಟ ಗೊತ್ತಿರ್ಲಿಲ್ಲ ಅಂತ ಬರೀರಿ. ತಾರೀಕು ಆಕಿ.”

ಅಲಮೇಲು ತಾರೀಕು ಹಾಕಲು ಹೋದವಳು ತಡೆದಳು. ಅವಳಿಗೆ ಶನಿವಾರವೇ ಗೊತ್ತಾಗಿತ್ತು. ಹೆಂಗಸರಿಗೆ ಮಾರ್ಚ್ ಐದು ಎಂದು ಬರೆದು, ಅರ್ಜಿ ಬರೆದ ನನಗೆ ಮಾರ್ಚ್ ಮೂರು, ನಡುವೆ ಒಂದು ದಿನ ನಾನು ಇದನ್ನು ಮುಚ್ಚಿಡಬೇಕು ಎಂದುಕೊಂಡಿದ್ದೆ ಎಂದು ಸೇರಿಸಿದಳು.

ಆಗ ಹಿಂದೆ ಒಂದು ಮಗ್ಗದ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರಿಗೂ ಅದು ಯಾರ ಮಗ್ಗ ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಸಿದ್ದಲಿಂಗಮ್ಮ ಅಳುತ್ತಲೇ ಲಾಳಿ ಎಸೆಯುತ್ತಿದ್ದಳು. ಹೊಸ ತಾನನ್ನು ಅಪ್ಪಟ ರೇಷ್ಮೆಯಲ್ಲೇ ಶುರು ಮಾಡಿದ್ದಳು, ಮೀಸಲು ಎಳೆ ಮಾತ್ರ ಹಾಕಿರಲಿಲ್ಲ.

ಅಲಮೇಲುವಿನ ಪೆನ್ನು ನಿಂತಿತು. ಚನ್ನಾಜಮ್ಮ ಕಾಗದದ ಮೇಲೆ ಬೆರಳಿಟ್ಟಳು.

“ಅದ್ನೂ ಬರೀರಿ ಟೀಚರಮ್ಮ,” ಎಂದಳು. “ಒಂದು ಮಗ್ಗ ನಡೀತಾ ಅದೆ ಅಂತ. ಅವ್ಳ ಎಸ್ರು ಬ್ಯಾಡ.”

ಅಲಮೇಲು ಅದನ್ನೂ ಬರೆದಳು. ಹೆಸರು ಬರೆಯಲಿಲ್ಲ.