ಭಾವನ ಕಾರಿನ ಫಿಲ್ಟರ್

"ನಿಮ್ಮ ಮಿಷನ್ನೇ ಸರಿಯಿಲ್ಲಮ್ಮ! ಫಿಲ್ಟರನ್ನ ನಮ್ಮ ಬಾಮೈದ ಕೈಯಾರೆ ತೊಳೆದಿದ್ದಾನೆ. ಡೀಸೆಲ್ ಗಾಡಿಗೆ ಇವನೇ ಡಾಕ್ಟರು!"

ಹೊಗೆ ತಪಾಸಣೆ ಕೇಂದ್ರದ ಸೂರು ಹಾರಿಹೋಗುವ ಹಾಗೆ ಭಾವ ಕೂಗಾಡುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಬಾಮೈದ ಮೆಕ್ಯಾನಿಕ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಈ ಡಾಕ್ಟರು ಮಾಡಿದ್ದೇನು? ಮಸಿ ಹಿಡಿದಿಡುವ ಫಿಲ್ಟರ್ ಕಟ್ಟಿಕೊಂಡಿತ್ತು. ತೊಳೆದು ಒಣಗಿಸುವ ತಾಳ್ಮೆ ಯಾರಿಗಿದೆ? ಡಬ್ಬ ಕೊಯ್ದು, ಒಳಗಿನ ಜೇನುಗೂಡಿನಂಥ ಪಿಂಗಾಣಿಯನ್ನು ಕುಟ್ಟಿ ಪುಡಿಮಾಡಿ ಸುರಿದು, ಖಾಲಿ ಡಬ್ಬಕ್ಕೆ ಅಂದವಾಗಿ ಬೆಸುಗೆ ಹಾಕಿದ್ದ. ಊರವರ ಗಾಡಿಗೆ ಮಾಡುತ್ತಿದ್ದುದನ್ನೇ ಭಾವನ ಗಾಡಿಗೂ ಮಾಡಿದ್ದ, ಹೇಳದೆ. ಹಳೆಯ ಮಿಷನ್ ಕಪ್ಪು ಹೊಗೆಯನ್ನಷ್ಟೇ ನೋಡುತ್ತಿತ್ತು, ಅದರ ಕಣ್ಣಿಗೆ ಮಣ್ಣೆರಚುವುದು ಕಷ್ಟವಿರಲಿಲ್ಲ. ಹೊಸದು ಕಣ್ಣಿಗೆ ಕಾಣದ ಕಣಗಳನ್ನೂ ಎಣಿಸುತ್ತದೆ. ಅದರಲ್ಲಿ ಪಾಸಾಗದ ಡೀಸೆಲ್ ಕಾರು ಇನ್ನು ಊರೊಳಗೆ ಬರುವಂತಿಲ್ಲ. ಪಾಪ, ಭಾವ "ನಮ್ಮ ಗಾಡಿಯಿಂದ ಯಾರ ಮಕ್ಕಳಿಗೂ ಕೆಮ್ಮು ಬರಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

"ಹಾಗಾದ್ರೆ ಒಳಗೆ ನೋಡೇಬಿಡೋಣ," ಎಂದಳು ತಪಾಸಣೆಯವಳು.

"ಧಾರಾಳವಾಗಿ ನೋಡಿ!"

"ಬೇಡ ಭಾವ, ಹೋಗೋಣ," ಎಂದು ಮೆಕ್ಯಾನಿಕ್ ತೋಳು ಹಿಡಿದೆಳೆದ.

"ಹೆದರ್ತೀಯ ಯಾಕೋ? ನಾನಿದೀನಲ್ಲ."

ಅವಳು ಫಿಲ್ಟರಿಗೆ ಹಾಕಿದ್ದ ಸೆನ್ಸರ್ ಬಿಚ್ಚಿ, ಆ ತೂತಿನಲ್ಲಿ ಸಣ್ಣ ಕ್ಯಾಮೆರಾ ತೂರಿಸಿದಳು. ಭಾವ ಕನ್ನಡಕ ಏರಿಸಿಕೊಂಡು ಪರದೆಗೆ ಬಗ್ಗಿದರು. ಕಾರಿನ ಗಂಧಗಾಳಿ ಇಲ್ಲದವರಿಗೂ ಗೊತ್ತಾಗುತ್ತಿತ್ತು, ಅದು ಬರೀ ಡಬ್ಬ.

"ತೆಗೆದೋರು ಯಾರು? ಆ ಗ್ಯಾರೇಜಿಗೆ ಬೀಗ ಬೀಳುತ್ತೆ," ಎಂದಳು ಅವಳು.

ಮೆಕ್ಯಾನಿಕ್ ಬಾಯಿ ತೆರೆದ. ಅಷ್ಟರಲ್ಲಿ ಭಾವ ಅವನತ್ತ ನೋಡದೆ ಹೇಳಿದರು: "ನಾನೇ ತೆಗೆಸಿದ್ದು. ಬೇರೆ ಎಲ್ಲೋ. ಇವನಿಗೆ ಗೊತ್ತಿಲ್ಲ."

ಹಿಂದೆ ಸಾಲಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಈವರೆಗೆ ಎದೆ ಸೆಟೆಸಿ ಮಾತಾಡುತ್ತಿದ್ದ ಮನುಷ್ಯ ಕಳ್ಳನ ಹಾಗೆ ತಲೆ ತಗ್ಗಿಸಿ ಬೈಸಿಕೊಂಡರು. ಆಗಲಾದರೂ "ತೆಗೆದವನು ನಾನು" ಅನ್ನಬಹುದಿತ್ತು. ಮೆಕ್ಯಾನಿಕ್ ತನ್ನ ಚಪ್ಪಲಿ ನೋಡುತ್ತ ನಿಂತ.

ಕಾರು ಅಲ್ಲೇ ಉಳಿಯಿತು. ಇಬ್ಬರೂ ನಡೆದು ಹೊರಟರು. ಮನೆಯ ತಿರುವು ಬಂದಾಗ ಭಾವ ಮೆಲ್ಲಗೆ ಹೇಳಿದರು.

"ನಿಮ್ಮಕ್ಕನ ಹತ್ರ ಏನೂ ಹೇಳ್ಬೇಡ. ತಮ್ಮ ಅಂದ್ರೆ ಅವಳಿಗೆ ತುಂಬಾ ಹೆಮ್ಮೆ."

ಮೆಕ್ಯಾನಿಕ್ ಅದಕ್ಕೂ "ಹೂಂ" ಅಂದುಬಿಟ್ಟ.